ಊರಿನ ಅಡಿಯಲ್ಲೊಂದು ದಾರಿ

ರಸ್ತೆ ಎಂದರೆ ಊರಿಂದ ಊರನ್ನು ಕೂಡಿಸುವಂಥದು ಎಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಅದು ಸುಳ್ಳಲ್ಲ. ಆದರೆ ಕೂಡಿಸುವ ಬದಲು ಊರನ್ನು ನಟ್ಟನಡುವೆ ಸೀಳಿಬಿಟ್ಟ ರಸ್ತೆಗಳೂ ಚರಿತ್ರೆಯಲ್ಲಿ ಇವೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಅಂಥದೊಂದು ರಸ್ತೆ ಇತ್ತು. ಅದನ್ನು ಕಟ್ಟಿ ಮುಗಿಸಿದ್ದು 1959ರಲ್ಲಿ. ಆಮೇಲೆ ಅದನ್ನು ಕಿತ್ತು ನೆಲದ ಅಡಿಗೆ ಇಳಿಸುವುದಕ್ಕೆ ಆ ಊರಿನವರು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅಗೆದರು. 'ಬಿಗ್ ಡಿಗ್', ಅಂದರೆ 'ದೊಡ್ಡ ಅಗೆತ' ಎಂದೇ ಆ ಕೆಲಸಕ್ಕೆ ಹೆಸರಾಯಿತು. ಎಂಜಿನಿಯರುಗಳು ಅದನ್ನು ಉಕ್ಕು ಸಿಮೆಂಟುಗಳ ಕಥೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಅದರಲ್ಲಿ ಮನೆಗಳ ಕಥೆ, ಹೆಂಗಸರ ಕಥೆ ಹೆಚ್ಚು ಕಾಣಿಸಿತು.

ಬಾಸ್ಟನ್ ಹಳೆಯ ಬಂದರು ಊರು. ಇಂಗ್ಲೆಂಡಿನಿಂದ ಬಂದ ಪ್ಯೂರಿಟನ್ ಪಂಥದವರು 1630ರಲ್ಲಿ ಅದನ್ನು ಕಟ್ಟಿದರು. ತೆರಿಗೆಯ ಜಗಳದಲ್ಲಿ ಹಡಗಿನ ಚಹಾ ಪೆಟ್ಟಿಗೆಗಳನ್ನು 1773ರಲ್ಲಿ ಸಮುದ್ರಕ್ಕೆ ಎಸೆದವರು ಈ ಊರಿನವರೇ. ಹಳೆಯ ಊರೆಂದ ಮೇಲೆ ಓಣಿಗಳು ಕಿರಿದು, ತಿರುವುಗಳು ಬಹಳ. ಟ್ರಾಮುಗಳಿಂದ ಬೀದಿ ಕಟ್ಟಿಕೊಂಡಾಗ 1897ರಲ್ಲಿ ಅಮೆರಿಕದ ಮೊದಲ ಸುರಂಗ ರೈಲನ್ನು ಓಡಿಸಿದ್ದೂ ಇಲ್ಲಿಯೇ. ಎರಡನೆಯ ಮಹಾಯುದ್ಧದ ನಂತರ ಕಾರುಗಳ ಕಾಲ ಬಂತು. ಊರಿನ ಎದೆಯ ಮೇಲೆ ಕಂಬಗಳನ್ನು ನಿಲ್ಲಿಸಿ ಆರು ಸಾಲಿನ ಹೆದ್ದಾರಿಯನ್ನು ಎತ್ತರದಲ್ಲಿ ಕಟ್ಟಿದರು. ಅದರ ಹೆಸರು 'ಸೆಂಟ್ರಲ್ ಆರ್ಟರಿ'. ಆರ್ಟರಿ ಎಂದರೆ ಹೃದಯದಿಂದ ರಕ್ತವನ್ನು ಒಯ್ಯುವ ನಾಳ. ಹೆಸರೇನೋ ಚೆನ್ನಾಗಿಯೇ ಇತ್ತು.

ಆ ನಾಳಕ್ಕೆ ಜಾಗ ಮಾಡಿಕೊಡಲು ಸುಮಾರು 20,000 ಜನ ಮನೆ ಬಿಡಬೇಕಾಯಿತು. ಇಟಲಿಯಿಂದ ವಲಸೆ ಬಂದವರು ವಾಸವಾಗಿದ್ದ ನಾರ್ತ್ ಎಂಡ್ ಬಡಾವಣೆ ಪೇಟೆಯಿಂದ ಕಡಿದುಹೋಯಿತು. ದಕ್ಷಿಣದಲ್ಲಿ ಚೀನೀಯರ ಕೇರಿಗೂ ಏಟು ಬಿತ್ತು. ಊರಿಗೂ ಕಡಲಿಗೂ ನಡುವೆ ಹಸಿರು ಬಣ್ಣ ಬಳಿದ ಕಬ್ಬಿಣದ ಗೋಡೆಯೊಂದು ಎದ್ದಂತಾಯಿತು. ಅದರ ಕೆಳಗಿನ ಕತ್ತಲೆಯನ್ನು ದಾಟಿ ಹೆಂಗಸರು ಸಂತೆಗೆ ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಜನರ ಕೂಗು ಎಷ್ಟಾಯಿತೆಂದರೆ, ಕೊನೆಯ ತುಂಡನ್ನು ಎತ್ತರದಲ್ಲಿ ಕಟ್ಟುವ ಯೋಚನೆಯನ್ನು ಬಿಟ್ಟು ಆಗಲೇ ಸುರಂಗವಾಗಿ ಕಟ್ಟಿದರು. ಆದರೆ ಉಳಿದದ್ದು ಎದ್ದು ನಿಂತಾಗಿತ್ತು.

ದಿನಕ್ಕೆ 75,000 ವಾಹನಗಳ ಲೆಕ್ಕ ಹಾಕಿ ಕಟ್ಟಿದ ರಸ್ತೆ ಅದು. 1990ರ ದಶಕದ ಆರಂಭದ ಹೊತ್ತಿಗೆ ಅದರ ಮೇಲೆ ಸುಮಾರು ಎರಡು ಲಕ್ಷ ವಾಹನಗಳು ಹರಿಯುತ್ತಿದ್ದವು. ಹರಿಯುತ್ತಿದ್ದವು ಎನ್ನುವುದು ಬರಿಯ ಮಾತು. ದಿನಕ್ಕೆ ಹತ್ತು ಗಂಟೆ ತೆವಳುತ್ತಿದ್ದವು. ಅಪಘಾತಗಳ ಪ್ರಮಾಣ ಆ ದೇಶದ ಇತರ ನಗರ ಹೆದ್ದಾರಿಗಳ ಸರಾಸರಿಯ ನಾಲ್ಕರಷ್ಟು. ರಕ್ತನಾಳ ಕಟ್ಟಿಕೊಂಡರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು.

ಇಷ್ಟಾದರೂ ಇನ್ನಷ್ಟು ಹೆದ್ದಾರಿ ಕಟ್ಟಬೇಕೆಂಬ ಹಂಬಲ ಸರ್ಕಾರಕ್ಕೆ ಹೋಗಿರಲಿಲ್ಲ. ಹೋಗುವಂತೆ ಮಾಡಿದ್ದು ಜನ. ಅವರಲ್ಲಿ ಈಸ್ಟ್ ಬಾಸ್ಟನ್ನಿನ ತಾಯಂದಿರನ್ನು ನೆನೆಯದೆ ಈ ಕಥೆಯನ್ನು ಹೇಳಬಾರದು. ಬಂದರಿನ ಆಚೆ ದಡದಲ್ಲಿರುವ ಆ ಬಡಾವಣೆಯ ಮಗ್ಗುಲಲ್ಲೇ ಲೋಗನ್ ವಿಮಾನ ನಿಲ್ದಾಣ. ನಿಲ್ದಾಣ ಬೆಳೆದಂತೆ ಬಡಾವಣೆ ಕರಗಿತು. ಕಡಲ ತಡಿಯ ವುಡ್ ಐಲೆಂಡ್ ಎಂಬ ಚೆಲುವಾದ ಉದ್ಯಾನ 1967ರಲ್ಲಿ ರನ್‌ವೇಗಾಗಿ ನೆಲಸಮವಾಯಿತು. ಮಣ್ಣು ತುಂಬಿದ ಲಾರಿಗಳು ಹಗಲೆಲ್ಲ ಮ್ಯಾವರಿಕ್ ಬೀದಿಯ ಮನೆಗಳ ಮುಂದೆಯೇ ಓಡತೊಡಗಿದವು. ಧೂಳು, ಸದ್ದು, ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಅರ್ಜಿ ಕೊಟ್ಟು ಬೇಸತ್ತ ಹೆಂಗಸರು 1968ರ ಸೆಪ್ಟೆಂಬರಿನಲ್ಲಿ ತಮ್ಮ ಕೂಸುಗಳ ತಳ್ಳುಗಾಡಿಗಳನ್ನು ಹಿಡಿದು ಬೀದಿಗೆ ಬಂದು ಲಾರಿಗಳಿಗೆ ಅಡ್ಡ ನಿಂತರು. ಪೊಲೀಸರು ಬಂದರೂ ಕದಲಲಿಲ್ಲ. ಕಡೆಗೆ ಲಾರಿಗಳೇ ಬೇರೆ ದಾರಿ ಹಿಡಿಯಬೇಕಾಯಿತು. ಆ ಹೆಂಗಸರ ಕೈಯಲ್ಲಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ಇದ್ದದ್ದು ಕೂಸಿನ ಗಾಡಿ ಒಂದೇ.

ಇಂಥ ಚಳವಳಿಗಳ ಬಿಸಿಗೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ 1970ರಲ್ಲಿ ಊರೊಳಗಿನ ಹೊಸ ಹೆದ್ದಾರಿಗಳ ಕೆಲಸವನ್ನು ತಡೆಹಿಡಿದರು. ಆಗ ಜನರ ಪರವಾಗಿ ಓಡಾಡಿದವರಲ್ಲಿ ಫ್ರೆಡ್ ಸಾಲ್ವುಚ್ಚಿ ಎಂಬ ತರುಣ ಎಂಜಿನಿಯರ್ ಇದ್ದರು. ಇಟಾಲಿಯನ್ ಮನೆತನದವರು, ಎಂ.ಐ.ಟಿ.ಯಲ್ಲಿ ಓದಿದವರು. 1960ರ ದಶಕದ ಆರಂಭದಲ್ಲಿ ಒಂದು ಹೆದ್ದಾರಿಗಾಗಿ ಅವರ ಅಜ್ಜಿಯ ಮನೆಯನ್ನೇ ಸರ್ಕಾರ ಕಿತ್ತುಕೊಂಡಿತ್ತು. ರಸ್ತೆ ಕಟ್ಟುವುದನ್ನು ಓದಿದ ಮೊಮ್ಮಗನಿಗೆ, ರಸ್ತೆ ಮುದುಕಿಯೊಬ್ಬಳಿಗೆ ಏನು ಮಾಡುತ್ತದೆ ಎಂಬುದು ಮನೆಯಲ್ಲೇ ಕಾಣಿಸಿತು. ಅವರು ಗವರ್ನರ್ ಮೈಕೆಲ್ ಡುಕಾಕಿಸ್ ಕಾಲದಲ್ಲಿ ರಾಜ್ಯದ ಸಾರಿಗೆ ಕಾರ್ಯದರ್ಶಿಯಾದಾಗ ಆ ನೆನಪು ಜೊತೆಗೇ ಇತ್ತು. ಎತ್ತರದ ರಸ್ತೆಯನ್ನು ನೆಲದಡಿಗೆ ಇಳಿಸೋಣ, ವಿಮಾನ ನಿಲ್ದಾಣಕ್ಕೆ ಬಂದರಿನ ಅಡಿಯಲ್ಲಿ ಇನ್ನೊಂದು ಸುರಂಗ ತೋಡೋಣ, ಆದರೆ ಒಂದೇ ಒಂದು ವಾಸದ ಮನೆಯನ್ನೂ ಕೆಡವಬಾರದು ಎಂದು ಪಟ್ಟು ಹಿಡಿದರು. ಹಾಗಾಗಿಯೇ ಬಂದರಿನ ಸುರಂಗ ಆಚೆ ದಡದಲ್ಲಿ ಮೇಲೇಳುವುದು ಈಸ್ಟ್ ಬಾಸ್ಟನ್ನಿನ ಮನೆಗಳ ನಡುವೆ ಅಲ್ಲ, ನಿಲ್ದಾಣದ ಜಾಗದಲ್ಲಿಯೇ.

ಹಣಕ್ಕೆ ದೆಹಲಿಯಂತೆ ಅಲ್ಲಿ ವಾಷಿಂಗ್ಟನ್ನಿನ ಕಡೆ ನೋಡಬೇಕು. 1987ರಲ್ಲಿ ಈ ಯೋಜನೆಯೂ ಸೇರಿದ್ದ ಮಸೂದೆಗೆ ಅಧ್ಯಕ್ಷ ರೇಗನ್ ಒಪ್ಪಿಗೆ ಕೊಡಲಿಲ್ಲ. ಅವರ ಮಾತನ್ನು ಮೀರಲು ಸೆನೆಟ್ಟಿನಲ್ಲಿ ಮೂರನೇ ಎರಡು ಪಾಲು ಮತ ಬೇಕು. ಬಿದ್ದದ್ದು 67ಕ್ಕೆ 33. ನೂರು ಜನರ ಸಭೆಯಲ್ಲಿ ಇನ್ನೊಂದು ಮತ ಆಚೆ ಹೋಗಿದ್ದರೂ ಈ ಸುರಂಗ ಕಾಗದದ ಮೇಲೆಯೇ ಉಳಿಯುತ್ತಿತ್ತು.

1991ರಲ್ಲಿ ಕೆಲಸ ಆರಂಭವಾಯಿತು. ಹಳೆಯ ಊರಿನ ನೆಲವನ್ನು ಅಗೆಯುವುದೆಂದರೆ ಹಳೆಯ ಮನೆಯ ಅಟ್ಟಕ್ಕೆ ಕೈಹಾಕಿದ ಹಾಗೆ. ಏನೆಲ್ಲ ಹೊರಬರುತ್ತದೋ ಹೇಳಲಾಗದು. ನೀರು, ಚರಂಡಿ, ಗ್ಯಾಸ್, ವಿದ್ಯುತ್, ದೂರವಾಣಿ ಎಂದು 29 ಮೈಲಿ ಉದ್ದದ ಕೊಳವೆ ತಂತಿಗಳನ್ನು ಮೊದಲು ಬೇರೆಡೆಗೆ ಸರಿಸಬೇಕಾಯಿತು. ನೆಲದಡಿಯ ಇಲಿ ಹೆಗ್ಗಣಗಳೆಲ್ಲ ಮನೆಗಳಿಗೆ ನುಗ್ಗಿಯಾವೆಂದು ಮೊದಲೇ ಅವುಗಳ ನಿರ್ಮೂಲನೆಗೆ ಬೇರೆ ವ್ಯವಸ್ಥೆಯಾಯಿತು. ಬೆಟ್ಟ ಅಗೆದು ಇಲಿ ಹಿಡಿಯುವ ಗಾದೆ ನಮ್ಮದು. ಅಲ್ಲಿ ಇಲಿ ಹಿಡಿದು ಆಮೇಲೆ ಅಗೆದರು.

ಪುರಾತತ್ವದವರಿಗೂ ಅಗೆಯಲು ಅವಕಾಶ ಸಿಕ್ಕಿತು. ನಾರ್ತ್ ಎಂಡಿನ ಕ್ರಾಸ್ ಬೀದಿಯ ಬಳಿ ಅವರಿಗೆ ಸಿಕ್ಕಿದ್ದು ಹದಿನೇಳನೆಯ ಶತಮಾನದ ಒಂದು ಮನೆಯ ಪಾಯಿಖಾನೆ. ಕೇಳಿದರೆ ಮೂಗು ಮುಚ್ಚಿಕೊಳ್ಳಬೇಕೆನಿಸಬಹುದು. ಆದರೆ ಅದರೊಳಗೆ ರೇಷ್ಮೆಯ ಚೂರುಗಳು, ಲೇಸು, ಚರ್ಮದ ಪಾದರಕ್ಷೆಗಳು, ರಾಶಿ ರಾಶಿ ಹಣ್ಣಿನ ಬೀಜಗಳು, ಮರದ ಆಟದ ಚೆಂಡೊಂದು ಕೊಳೆಯದೆ ಉಳಿದಿದ್ದವು. ಉಡುಗೆಯ ಆಡಂಬರಕ್ಕೂ ಕಾನೂನಿನ ಕಡಿವಾಣವಿದ್ದ ಪ್ಯೂರಿಟನ್ನರ ಊರಿನಲ್ಲಿ ಈ ರೇಷ್ಮೆ ಉಟ್ಟವಳು ಯಾರು? ಆಕೆ ಕ್ಯಾಥರೀನ್ ನ್ಯಾನಿ ನೇಯ್ಲರ್. ಪಾದ್ರಿಯೊಬ್ಬರ ಮಗಳು, ವ್ಯಾಪಾರಿಯೊಬ್ಬನ ವಿಧವೆ. ಎರಡನೆಯ ಗಂಡ ಎಡ್ವರ್ಡ್ ನೇಯ್ಲರ್ ಹೊಡೆತ ಬಡಿತದವನು, ಪರಸ್ತ್ರೀ ಸಂಗದವನು. ಆಕೆ ಬಾಯಿ ಮುಚ್ಚಿಕೊಂಡು ಇರಲಿಲ್ಲ. ನ್ಯಾಯಾಲಯಕ್ಕೆ ಹೋದಳು, ಸಾಕ್ಷಿಗಳನ್ನು ನಿಲ್ಲಿಸಿದಳು, 1671ರಲ್ಲಿ ವಿಚ್ಛೇದನ ಪಡೆದಳು. ಆ ವಸಾಹತಿನಲ್ಲಿ ವಿಚ್ಛೇದನ ಪಡೆದ ಮೊದಮೊದಲ ಹೆಂಗಸರಲ್ಲಿ ಆಕೆ ಒಬ್ಬಳು. ನ್ಯಾಯಾಲಯದ ಕಡತದಲ್ಲಿ ಆಕೆಯ ಸಂಕಟ ಉಳಿದಿತ್ತು. ಆಕೆ ತಿಂದ ಹಣ್ಣು, ಉಟ್ಟ ಬಟ್ಟೆ, ಮನೆಯ ಮಕ್ಕಳ ಆಟ ನೆಲದಡಿಯಲ್ಲಿ ಉಳಿದಿದ್ದವು. ಹೆದ್ದಾರಿ ತೋಡದಿದ್ದರೆ ಈ ಎರಡೂ ಒಂದಾಗುತ್ತಿರಲಿಲ್ಲ. ಮುನ್ನೂರು ವರ್ಷದ ಹಿಂದಿನ ಗೃಹಿಣಿಯೊಬ್ಬಳು ಹೀಗೆ ಇಡಿಯಾಗಿ ಎದುರಿಗೆ ಬಂದು ನಿಲ್ಲುವುದು ಚರಿತ್ರೆಯಲ್ಲಿ ಅಪರೂಪ.

ಇನ್ನು ಸುರಂಗದ ಕೆಲಸ. ಮೇಲೆ ದಿನಕ್ಕೆ ಎರಡು ಲಕ್ಷ ವಾಹನ ಓಡುತ್ತಲೇ ಇರಬೇಕು, ಅದರ ಬುಡದಲ್ಲಿ ಎಂಟು ಹತ್ತು ಸಾಲಿನ ಸುರಂಗ ತೋಡಬೇಕು. ಬಾಸ್ಟನ್ನಿನ ಆ ಭಾಗದ ನೆಲ ಬಹುಪಾಲು ಕಡಲಿಗೆ ಮಣ್ಣು ತುಂಬಿ ಮಾಡಿದ್ದು, ಅಗೆದಲ್ಲೆಲ್ಲ ಕುಸಿಯುವಂಥದು. ಅದಕ್ಕೆ ಅವರು ಹೂಡಿದ ಉಪಾಯ ಹೀಗಿದೆ. ಮೊದಲು ಮೂರು ನಾಲ್ಕು ಅಡಿ ಅಗಲದ ಆಳವಾದ ಕಂದಕ ತೋಡುತ್ತಾ ಹೋಗುವುದು. ತೋಡುತ್ತಿದ್ದಂತೆಯೇ ಅದರೊಳಗೆ ಬೆಂಟೊನೈಟ್ ಎಂಬ ಜೇಡಿಯನ್ನು ನೀರಿನಲ್ಲಿ ಕದಡಿ, ಗಂಜಿಯ ಹದದ ರಾಡಿಯನ್ನು ತುಂಬುವುದು. ಆ ರಾಡಿಯ ಒತ್ತಡ ಎರಡು ಬದಿಯ ಮಣ್ಣು ಕುಸಿಯದಂತೆ ಹಿಡಿದಿಡುತ್ತದೆ. ಕೆಳಗಿನ ಬಂಡೆ ಸಿಕ್ಕುವವರೆಗೆ, ಕೆಲವೆಡೆ 120 ಅಡಿಯವರೆಗೂ ಇಳಿದ ಮೇಲೆ, ಉಕ್ಕಿನ ತೊಲೆಗಳನ್ನು ಇಳಿಬಿಟ್ಟು ಕೊಳವೆಯ ಮೂಲಕ ತಳದಿಂದ ಕಾಂಕ್ರೀಟ್ ಸುರಿಯುವುದು. ನೀರು ತುಂಬಿದ ಕೊಡಕ್ಕೆ ಮರಳು ಹಾಕಿದರೆ ನೀರು ಮೇಲೆದ್ದು ಚೆಲ್ಲುವುದಿಲ್ಲವೆ, ಹಾಗೆ ಭಾರದ ಕಾಂಕ್ರೀಟು ಕೆಳಗೆ ಕೂತು ರಾಡಿ ಮೇಲಕ್ಕೆ ಬರುತ್ತದೆ. ಹೀಗೆ ಅಗೆಯುವ ಮುನ್ನವೇ ನೆಲದೊಳಗೆ ಗೋಡೆ ಎದ್ದಿತು. ಎರಡು ಗೋಡೆಗಳ ಮೇಲೆ ತೊಲೆಗಳನ್ನಿಟ್ಟು, ಹಳೆಯ ಹೆದ್ದಾರಿಯ ಭಾರವನ್ನು ಅವುಗಳಿಗೆ ವರ್ಗಾಯಿಸಿ, ಆಮೇಲೆ ನಡುವಿನ ಮಣ್ಣು ತೆಗೆದರು.

ದಾರಿಯಲ್ಲಿ ಅಡ್ಡಿಗಳು ಒಂದೆರಡಲ್ಲ. ಒಂದು ಸುರಂಗ ರೈಲಿನ ಮೇಲೆ ಹಾಯಬೇಕು, ಇನ್ನೊಂದರ ಅಡಿಗೆ ನುಸುಳಬೇಕು. ಸೌತ್ ಸ್ಟೇಷನ್ ಬಳಿ ಸಾವಿರಾರು ಜನ ನಿತ್ಯ ಪ್ರಯಾಣ ಮಾಡುವ ರೈಲು ಹಳಿಗಳ ಕೆಳಗೆ ದಾರಿ ಮಾಡಬೇಕಾದಾಗ, ನೆಲದೊಳಗೆ ಕೊಳವೆಗಳನ್ನಿಳಿಸಿ ಕೊರೆಯುವ ತಂಪಿನ ಉಪ್ಪುನೀರನ್ನು ಹರಿಸಿ ಮಣ್ಣನ್ನೇ ಹೆಪ್ಪುಗಟ್ಟಿಸಿದರು. ಕುಲ್ಫಿ ಮಾಡುವವರು ಮಂಜುಗಡ್ಡೆಗೆ ಉಪ್ಪು ಸೇರಿಸುವುದನ್ನು ನೋಡಿದವರಿಗೆ ಇದರ ಗುಟ್ಟು ತಿಳಿಯುತ್ತದೆ. ಉಪ್ಪುನೀರು ಶೂನ್ಯ ಡಿಗ್ರಿಗಿಂತ ತಣ್ಣಗಾದರೂ ಗಡ್ಡೆಯಾಗದೆ ಹರಿಯುತ್ತದೆ. ಕಲ್ಲಿನಂತಾದ ಆ ಮಣ್ಣನ್ನು ಕೊರೆಯುತ್ತಾ, ದೈತ್ಯ ಜಾಕಿಗಳಿಂದ ಕಾಂಕ್ರೀಟಿನ ಪೆಟ್ಟಿಗೆಯಂಥ ಸುರಂಗವನ್ನು ಅಡಿ ಅಡಿಯಾಗಿ ಒಳಕ್ಕೆ ತಳ್ಳಿದರು. ಮೇಲೆ ರೈಲುಗಳು ಓಡುತ್ತಲೇ ಇದ್ದವು. ಬಂದರಿನ ಅಡಿಯ ಸುರಂಗಕ್ಕಾದರೋ ಉಕ್ಕಿನ ಹನ್ನೆರಡು ಭಾರಿ ತುಂಡುಗಳನ್ನು ಬಾಲ್ಟಿಮೋರಿನಲ್ಲಿ ತಯಾರಿಸಿ, ಬಾಯಿ ಮುಚ್ಚಿ, ಸಮುದ್ರದ ಮೇಲೆ ತಂದು, ತಳದಲ್ಲಿ ತೋಡಿದ ಕಾಲುವೆಯಲ್ಲಿ ಮುಳುಗಿಸಿ ಒಂದಕ್ಕೊಂದು ಜೋಡಿಸಿದರು. ಟೆಡ್ ವಿಲಿಯಮ್ಸ್ ಸುರಂಗವೆಂಬ ಆ ದಾರಿ 1995ರ ಡಿಸೆಂಬರಿನಲ್ಲಿ ತೆರೆಯಿತು. ಊರೊಳಗಿನ ಮುಖ್ಯ ಸುರಂಗ 2003ರಲ್ಲಿ ಸಂಚಾರಕ್ಕೆ ಸಿಕ್ಕಿತು. ಒಟ್ಟು ತೆಗೆದ ಮಣ್ಣು 1 ಕೋಟಿ 60 ಲಕ್ಷ ಘನ ಗಜ. ಅದರಲ್ಲಿ ಒಂದು ಪಾಲನ್ನು ಬಂದರಿನ ಸ್ಪೆಕ್ಟಕಲ್ ದ್ವೀಪಕ್ಕೆ ಸಾಗಿಸಿದರು. ಊರಿನ ಕಸ ಸುರಿಯುತ್ತಿದ್ದ ಆ ಜಾಗ ಮಣ್ಣು ಹೊದ್ದು, ಗಿಡಮರ ಬೆಳೆಸಿಕೊಂಡು, 2006ರಲ್ಲಿ ಉದ್ಯಾನವಾಯಿತು.

ಇಷ್ಟರಲ್ಲೇ ನಿಲ್ಲಿಸಿದರೆ ಇದು ಹೊಗಳಿಕೆಯ ಕಥೆಯಾದೀತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದಿದ್ದಾರೆ ನಮ್ಮ ಹಿರಿಯರು. ಸುರಂಗ ತೋಡಿ ನೋಡು ಎಂದೂ ಸೇರಿಸಬಹುದಿತ್ತು. 1982ರ ಬೆಲೆಗಳಲ್ಲಿ 280 ಕೋಟಿ ಡಾಲರ್, 1998ಕ್ಕೆ ಮುಕ್ತಾಯ ಎಂಬುದು ಮೊದಲ ಅಂದಾಜು. ಮುಗಿಯುವ ಹೊತ್ತಿಗೆ ಖರ್ಚು 1,400 ಕೋಟಿ ಡಾಲರ್ ದಾಟಿತ್ತು. ಸಾಲದ ಬಡ್ಡಿ ಸೇರಿದರೆ 2,400 ಕೋಟಿಯಷ್ಟೆಂದು 2012ರಲ್ಲಿ ಲೆಕ್ಕ ಹಾಕಲಾಯಿತು. ಕಾಲ ಸರಿದಂತೆ ಬೆಲೆ ಏರಿದ್ದು ಒಂದು ಕಾರಣ ನಿಜ. ಆದರೆ ಹೆಚ್ಚಿದ ಖರ್ಚನ್ನು ಜನರಿಂದ ಮುಚ್ಚಿಟ್ಟದ್ದೂ ನಿಜ. 2000ದಲ್ಲಿ ಅದು ಬಯಲಾಗಿ ಯೋಜನೆಯ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. 2004ರಲ್ಲಿ ಗೋಡೆಯೊಂದು ಸೋರಿ ಸುರಂಗಕ್ಕೆ ನೀರು ನುಗ್ಗಿತು. ಹುಡುಕಿದಾಗ ನೂರಾರು ಕಡೆ ಜಿನುಗುತ್ತಿದ್ದುದು ತಿಳಿಯಿತು.

ಎಲ್ಲಕ್ಕಿಂತ ದೊಡ್ಡ ನಷ್ಟವನ್ನು ಡಾಲರಿನಲ್ಲಿ ಬರೆಯಲಾಗದು. 2006ರ ಜುಲೈ 10ರ ರಾತ್ರಿ ಗಂಡ ಹೆಂಡತಿ ಇಬ್ಬರು ವಿಮಾನ ನಿಲ್ದಾಣದ ಕಡೆಗೆ ಕಾರಿನಲ್ಲಿ ಹೊರಟಿದ್ದರು. ಸುರಂಗದ ಚಾವಣಿಯಿಂದ ತೂಗುಹಾಕಿದ್ದ ಕಾಂಕ್ರೀಟ್ ಹಲಗೆಗಳು, ಸುಮಾರು 26 ಟನ್ ಭಾರ, ಕಾರಿನ ಮೇಲೆ ಕುಸಿದವು. ಗಂಡ ಹೇಗೋ ತೆವಳಿ ಹೊರಬಂದರು. ಆ ಹೆಣ್ಣುಮಗಳು ಉಳಿಯಲಿಲ್ಲ. ಹೊಗೆಗಾಳಿ ಸಾಗಿಸಲು ಚಾವಣಿಗೂ ಹಲಗೆಗೂ ನಡುವೆ ಜಾಗ ಬಿಟ್ಟು ಕಟ್ಟಿದ ಹಲಗೆಗಳವು. ಅವನ್ನು ಹಿಡಿದ ಬೋಲ್ಟುಗಳನ್ನು ಕಾಂಕ್ರೀಟಿನೊಳಗೆ ಅಂಟಿನಿಂದ ಕೂರಿಸಿದ್ದರು. ಬೇಗ ಗಟ್ಟಿಯಾಗುವ ಆ ಅಂಟು ಸದಾ ಜಗ್ಗುವ ಭಾರಕ್ಕೆ ತಕ್ಕುದಾಗಿರಲಿಲ್ಲ. ಗೋಡೆಗೆ ಅಂಟಿಸಿದ ಕೊಕ್ಕೆಗೆ ಚೀಲ ತಗುಲಿಹಾಕಿದರೆ ಅದೇ ದಿನ ಬೀಳುವುದಿಲ್ಲ. ದಿನಕ್ಕೆ ಕೂದಲೆಳೆಯಷ್ಟು ಜಾರಿ ಒಂದು ದಿನ ಧೊಪ್ಪನೆ ಬೀಳುತ್ತದೆ. ಆದದ್ದು ಅದೇ. ಬೋಲ್ಟುಗಳು ಜಾರುತ್ತಿರುವುದು 1999ರಲ್ಲೇ ಪಕ್ಕದ ಸುರಂಗದಲ್ಲಿ ಕಣ್ಣಿಗೆ ಬಿದ್ದಿತ್ತು. ರಿಪೇರಿ ಮಾಡಿದರು, ಕಾರಣ ಹುಡುಕಲಿಲ್ಲ. ದಾರಿ ತೆರೆದ ಮೇಲೆ ಆ ಹಲಗೆಗಳ ಮೇಲ್ಭಾಗವನ್ನು ಯಾರೂ ಹತ್ತಿ ಪರೀಕ್ಷಿಸಲಿಲ್ಲ ಎಂದು 2007ರ ತನಿಖೆ ಹೇಳಿತು. ಕಂಪನಿಗಳು 2008ರಲ್ಲಿ 45 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟು ರಾಜಿಯಾದವು. ನೆಲ ಹೆಪ್ಪುಗಟ್ಟಿಸುವ ಜಾಣ್ಮೆ ಇದ್ದ ಕಡೆ ಬೋಲ್ಟು ನೋಡುವ ವ್ಯವಧಾನ ಇರಲಿಲ್ಲ. ಮನೆ ನಡೆಸುವ ಹೆಂಗಸಿಗೆ ಇದು ಅರ್ಥವಾಗುವ ಮಾತು. ಕಟ್ಟಿದ ದಿನ ಎಲ್ಲರೂ ಬಂದು ಉಂಡುಹೋಗುತ್ತಾರೆ. ಮಳೆಗಾಲಕ್ಕೆ ಮುನ್ನ ಹೆಂಚು ನೋಡುವವರು ಯಾರು?

ಹಾಗಾದರೆ ಈ ಅಗೆತದಿಂದ ಬಂದದ್ದೇನು? ಎತ್ತರದ ರಸ್ತೆ ಹೋಯಿತು. ಅದು ನಿಂತಿದ್ದ ಜಾಗದಲ್ಲಿ ಒಂದೂವರೆ ಮೈಲಿ ಉದ್ದದ ಉದ್ಯಾನಗಳ ಸಾಲು 2008ರಲ್ಲಿ ತೆರೆಯಿತು. ಅದಕ್ಕೆ ರೋಸ್ ಫಿಟ್ಜ್‌ಜೆರಾಲ್ಡ್ ಕೆನಡಿ ಎಂಬ ತಾಯಿಯ ಹೆಸರಿಟ್ಟಿದ್ದಾರೆ. ಅಧ್ಯಕ್ಷ ಜಾನ್ ಕೆನಡಿಯವರ ತಾಯಿ, 1890ರಲ್ಲಿ ಅದೇ ನಾರ್ತ್ ಎಂಡಿನಲ್ಲಿ ಹುಟ್ಟಿದವರು. ಈಗ ಚೀನೀಯರ ಕೇರಿಯಿಂದ ನಾರ್ತ್ ಎಂಡಿನವರೆಗೆ ಮರಗಳ ಬದಿಯಲ್ಲೇ ನಡೆದು ಹೋಗಬಹುದು. ಬೇಸಿಗೆಯಲ್ಲಿ ಮಕ್ಕಳು ಕಾರಂಜಿಯ ನೀರಿನಲ್ಲಿ ನೆನೆಯುತ್ತಾರೆ. ಆದರೆ ನೆರಳಿನ ಜೊತೆ ಬಾಡಿಗೆಯೂ ಬೆಳೆಯಿತು. ಎತ್ತರದ ರಸ್ತೆಯ ಧೂಳನ್ನು ನಲವತ್ತು ವರ್ಷ ಸಹಿಸಿದ ಹಳೆಯ ಇಟಾಲಿಯನ್ ಕುಟುಂಬಗಳು ನಾರ್ತ್ ಎಂಡಿನಲ್ಲಿ ಕಡಿಮೆಯಾಗುತ್ತ ಬಂದವು. ಊರೊಳಗೆ ಸಂಚಾರ ಸಲೀಸಾದರೂ ದಟ್ಟಣೆ ಊರ ಹೊರಗಿನ ರಸ್ತೆಗಳಿಗೆ ಸರಿಯಿತು. ಉತ್ತರದ ಮತ್ತು ದಕ್ಷಿಣದ ರೈಲು ನಿಲ್ದಾಣಗಳನ್ನು ಇದೇ ಸುರಂಗದಲ್ಲಿ ಜೋಡಿಸಬೇಕೆಂಬ ಯೋಚನೆ ಖರ್ಚಿನ ನೆಪದಲ್ಲಿ ಬಿದ್ದುಹೋಯಿತು. ಕಾರಿಲ್ಲದವರಿಗೆ ಸಮಾಧಾನವಾಗಲೆಂದು 1990ರಲ್ಲಿ ಮಾತು ಕೊಟ್ಟಿದ್ದ ಟ್ರಾಮ್ ಮಾರ್ಗದ ವಿಸ್ತರಣೆ ಸಾಮರ್ವಿಲ್ ಮತ್ತು ಮೆಡ್‌ಫರ್ಡ್ ಊರುಗಳನ್ನು ಮುಟ್ಟಿದ್ದು 2022ರಲ್ಲಿ. ಕಾರಿನವರ ಸುರಂಗ ಮೊದಲು ಬಂತು, ಬಸ್ಸು ಟ್ರಾಮಿನವರು ಸುಮಾರು ಎರಡು ದಶಕ ಕಾದರು. ಯಾವ ದೇಶವಾದರೂ ಸರದಿಯಲ್ಲಿ ಹಿಂದೆ ನಿಲ್ಲುವವರು ಅವರೇ.

ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲೂ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುರಂಗ ರಸ್ತೆಯ ಮಾತು ಕೇಳಿಬಂದಿದೆ. ಸುರಂಗ ಬೇಕೋ ಬೇಡವೋ ಎಂದು ತೀರ್ಮಾನ ಹೇಳುವಷ್ಟು ವಿದ್ಯೆ ನನ್ನದಲ್ಲ. ಆದರೆ ಬಾಸ್ಟನ್ನಿನ ಕಥೆ ಓದಿದವರು ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ಯಾರ ಮನೆ ಹೋಗುತ್ತದೆ? ನಿಜವಾದ ಖರ್ಚನ್ನು ಯಾವಾಗ ಹೇಳುತ್ತೀರಿ? ಬಸ್ಸಿಗೆ ಕಾಯುವವಳಿಗೆ ಇದರಿಂದ ಏನು? ಹತ್ತು ವರ್ಷದ ನಂತರ ಏಣಿ ಹಾಕಿ ಬೋಲ್ಟು ನೋಡುವವರು ಯಾರು, ಅವರ ಸಂಬಳಕ್ಕೆ ಹಣ ಎತ್ತಿಟ್ಟಿದ್ದೀರಾ? ಇವನ್ನು ಕೇಳಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮ್ಯಾವರಿಕ್ ಬೀದಿಯ ತಾಯಂದಿರು ಅದನ್ನು ಓದಿರಲಿಲ್ಲ. ಲಾರಿ ಎಲ್ಲಿ ಓಡಬಾರದು ಎಂಬುದು ಅವರಿಗೆ ಗೊತ್ತಿತ್ತು, ಅಷ್ಟೆ.